ಕೊನೆಯ ಹಾಲುಹಲ್ಲು

ನಮ್ಮೂರಿನ ಕಂಪ್ಯೂಟರ್ ಮನೆಯಲ್ಲಿ ನನ್ನದು ಹಲ್ಲು ನೋಡುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮಕ್ಕಳು ಜಗಲಿಯ ಮೇಲೆ ಸಾಲಾಗಿ ನಿಂತು ಬಾಯಿ ತೆರೆಯುತ್ತಾರೆ. ನಾನು ಟಾರ್ಚು ಹಿಡಿದು ಒಬ್ಬೊಬ್ಬರ ಬಾಯೊಳಗೆ ಇಣುಕಿ, ಉಳಿದಿರುವ ಹಾಲುಹಲ್ಲನ್ನು ಬೆರಳಿನಿಂದ ಒತ್ತಿ ನೋಡಿ, ‘ಗಟ್ಟಿ’ ಎಂದೋ ‘ಅಲ್ಲಾಡ್ತಿದೆ’ ಎಂದೋ ಕೂಗುತ್ತೇನೆ. ಗಟ್ಟಿ ಅನ್ನಿಸಿಕೊಂಡವರು ಒಳಗೆ ಹೋಗಿ ತಮ್ಮ ತಮ್ಮ ಕುರ್ಚಿ ಹತ್ತಿ ಕೂರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಊರಿನ ಅರ್ಧಕ್ಕರ್ಧ ಜನರ ಬಾಯಿ ನಾನು ಕಂಡದ್ದೇ. ಅವರೆಲ್ಲ ದೊಡ್ಡವರಾಗಿ ಈಗ ದಾರಿಯಲ್ಲಿ ಸಿಕ್ಕರೆ ನನ್ನೆದುರು ಬಾಯಿ ಬಿಟ್ಟು ನಗುವುದಿಲ್ಲ.

ಹಾಲುಹಲ್ಲು ಒಂದಾದರೂ ಇದ್ದವರಿಗೆ ಮಾತ್ರ ಕಂಪ್ಯೂಟರ್ ಬೆಳಗುತ್ತದೆ. ಕೊನೆಯದು ಬಿದ್ದ ಗಳಿಗೆಯಿಂದ ಅದು ಬರೀ ಕಪ್ಪು ಗಾಜು. ದೊಡ್ಡವರು ಮುಂದೆ ನಿಂತರೆ ಅವರ ಮುಖವೇ ಅವರಿಗೆ ಕಾಣುತ್ತದೆ. ಹಾಗಾಗಿ ಹುಟ್ಟು, ಮದುವೆ, ಮನೆ ಬದಲಾಯಿಸಿದ್ದು, ಸತ್ತದ್ದು, ಎಲ್ಲವನ್ನೂ ಬರೆಯುವವರು ಮಕ್ಕಳು. ನಾವು ಕುರ್ಚಿಯ ಹಿಂದೆ ನಿಂತು ಹೇಳಬೇಕು, ಅವರು ಒತ್ತಬೇಕು, ‘ಆಯ್ತು’ ಅಂದರೆ ನಂಬಬೇಕು. ಒಂದು ಕಾಲದಲ್ಲಿ ಪ್ರಿಂಟರ್ ಕೂಡ ತರಿಸಿದ್ದರು. ಅದರಿಂದ ಬಂದ ಹಾಳೆಯನ್ನು ಹಿಡಿದುಕೊಂಡು ಮಕ್ಕಳು ಗಡಗಡ ಓದುತ್ತಿದ್ದರು, ನಮಗೆ ಬಿಳಿ ಕಾಗದವೇ ಕಾಣುತ್ತಿತ್ತು. ಅದನ್ನು ಮೂಲೆಗೆ ಸೇರಿಸಿದ ಮೇಲೆ ಅದರ ಮೇಲೆ ಬೆಕ್ಕು ಮಲಗುತ್ತದೆ.

ನಾನೂ ಆ ಕುರ್ಚಿಯಲ್ಲಿ ಕೂತವನೇ. ಹತ್ತೂವರೆ ವರ್ಷಕ್ಕೆ ನನ್ನ ಕೊನೆಯ ಹಲ್ಲು ಬಿತ್ತು. ಆಗ ಕೆಲಸ ಮುಗಿಸಿ ಬಿಡುವಿನಲ್ಲಿ ಒಂದು ಮನೆಯ ಚಿತ್ರ ಬರೆಯುತ್ತಿದ್ದೆ. ಗೋಡೆಗೆ ಹಳದಿ ತುಂಬಿ ಆಗಿತ್ತು, ಕಿಟಕಿಗೆ ನೀಲಿ ತುಂಬಬೇಕು ಅನ್ನುವಷ್ಟರಲ್ಲಿ ನಾಲಿಗೆಗೆ ಹಲ್ಲು ಸಿಕ್ಕಿತು, ಎದುರಿಗೆ ಕತ್ತಲಾಯಿತು. ಮನೆ ಇನ್ನೂ ಅಲ್ಲೇ ಇದೆಯಂತೆ. ಈಗಿನ ಮಕ್ಕಳು ಯಾರಾದರೂ ಕಿಟಕಿಗೆ ಬಣ್ಣ ತುಂಬಿದರೋ ಇಲ್ಲವೋ ಎಂದು ನಾನು ಕೇಳಿಲ್ಲ. ನಮ್ಮೂರಲ್ಲಿ ಎಲ್ಲರದ್ದೂ ಇಂಥ ಒಂದು ಅರೆಬರೆ ಇರುತ್ತದೆ. ಬಸ್ಸಿಗೆ ಕಾಯುತ್ತ ಕೂತ ಗಂಡಸರನ್ನು, ಅಕ್ಕಿ ಆರಿಸುತ್ತ ಕೂತ ಹೆಂಗಸರನ್ನು ಸುಮ್ಮನೆ ನೋಡಿ. ಬೆರಳುಗಳು ತಮ್ಮಷ್ಟಕ್ಕೆ ತಾವು ತೊಡೆಯ ಮೇಲೆ ಏನನ್ನೋ ಒತ್ತುತ್ತಿರುತ್ತವೆ.

ನನ್ನ ಮಗಳು ಹೊನ್ನಮ್ಮ, ನಮಗೆಲ್ಲ ಹೊನ್ನಿ, ಐದೂವರೆ ವರ್ಷಕ್ಕೇ ಕೂತಳು. ಎಲ್ಲ ಚಿಕ್ಕ ಮಕ್ಕಳ ಹಾಗೆ ಅವಳೂ ಮೊದಮೊದಲು ಮೌಸನ್ನು ಮೇಜಿನ ಅಂಚಿನ ತನಕ ಎಳೆದುಕೊಂಡು ಹೋಗಿ, ಬಾಣ ಇನ್ನೂ ಮುಂದಕ್ಕೆ ಹೋಗಬೇಕಿದೆ, ಮೇಜು ಮುಗಿದುಹೋಯಿತು ಎಂದು ಅತ್ತಳಂತೆ. ಎತ್ತಿ ಹಿಂದಕ್ಕೆ ಇಟ್ಟುಕೊಳ್ಳಬಹುದು ಎಂದು ಹೇಳಿಕೊಡುವುದಕ್ಕೆ ಅವಳಿಗಿಂತ ದೊಡ್ಡ ಹುಡುಗಿಗೆ ಎರಡು ದಿನ ಹಿಡಿಯಿತು. ಅಲ್ಲಿಂದಾಚೆಗೆ ಅವಳನ್ನು ಹಿಡಿದವರಿಲ್ಲ. ಎಂಟು ವರ್ಷಕ್ಕೆ ಅವಳ ಬೆರಳುಗಳು ಕೀಲಿಗಳನ್ನು ನೋಡದೆ ಓಡುತ್ತಿದ್ದವು. ಒಂಬತ್ತಕ್ಕೆ ಅವಳನ್ನು ದೊಡ್ಡ ಮೇಜಿಗೆ ಕೂರಿಸಿದರು, ಅಂದರೆ ಹುಟ್ಟು ಸಾವು ಬರೆಯುವ ಮೇಜಿಗೆ. ಅವಳ ತಾಯಿ ಜಲಜ ಆ ದಿನ ಊರಿಗೆಲ್ಲ ಚಕ್ಕುಲಿ ಹಂಚಿದಳು. ಅವಳಿಗೆ ಹೆಮ್ಮೆ ಮುಚ್ಚಿಡಲು ಬರುತ್ತಿರಲಿಲ್ಲ.

ಜಲಜ ಹೋಗಿ ಇಂದಿಗೆ ಹದಿನಾಲ್ಕು ತಿಂಗಳು. ಜ್ವರ ಎಂದು ಶುರುವಾಯಿತು. ಹೊನ್ನಿಯನ್ನು ಕಂಪ್ಯೂಟರ್ ಮನೆಯ ಮೇಲ್ವಿಚಾರಕಿ ದಾಕ್ಷಾಯಿಣಮ್ಮನವರ ಮನೆಯಲ್ಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ, ಆಸ್ಪತ್ರೆ ಇರುವ ಊರಿಗೆ ಕರೆದುಕೊಂಡು ಹೋದೆ. ಹನ್ನೊಂದು ದಿನ ಇದ್ದೆವು. ಅಲ್ಲೇ ಮಣ್ಣು ಮಾಡಿ, ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬನೇ ವಾಪಸ್ಸು ಬಂದೆ. ಮನೆಯ ಮಗು ಕಂಪ್ಯೂಟರ್ ಮನೆಯಲ್ಲಿದ್ದರೆ ಆ ಮನೆಯ ಸಾವನ್ನು ಆ ಮಗುವೇ ಬರೆಯಬೇಕು, ಇದು ನಮ್ಮೂರ ನೇಮ. ಬರೆಯುವವರೆಗೆ ಸತ್ತವರು ಸತ್ತಂತಲ್ಲ. ತಿಥಿ ಮಾಡುವಂತಿಲ್ಲ, ಬಟ್ಟೆಬರೆ ದಾನ ಕೊಡುವಂತಿಲ್ಲ, ‘ಇದ್ದಳು’ ಅನ್ನುವಂತಿಲ್ಲ, ‘ಇದ್ದಾಳೆ’ ಎಂದೇ ಅನ್ನಬೇಕು.

ಮಾರನೆಯ ಬೆಳಿಗ್ಗೆ ಹೊನ್ನಿಯ ಕುರ್ಚಿಯ ಹಿಂದೆ ನಿಂತೆ. ಕಾಗದವನ್ನು ಅವಳ ಮುಂದಿಟ್ಟೆ. ಅವಳು ಓದಿಕೊಂಡಳು. ಬೆರಳುಗಳು ಒಂದಷ್ಟು ಹೊತ್ತು ಆಡಿದವು. ಗಾಜಿನಲ್ಲಿ ನನಗೆ ಕಾಣುತ್ತಿದ್ದುದು ನಾಲ್ಕು ದಿನದ ಗಡ್ಡದ ನನ್ನದೇ ಮುಖ, ಅದರ ಕೆಳಗೆ ಅವಳ ಬೈತಲೆ. ಆಮೇಲೆ ಅವಳು ಕುರ್ಚಿಯಲ್ಲಿ ತಿರುಗಿ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಕಾಗದವನ್ನು ಮಡಿಚಿ ನನ್ನ ಕೈಗೇ ಕೊಟ್ಟಳು.

“ಬರೆದಿಲ್ಲ ಅಪ್ಪ,” ಅಂದಳು. “ಇದು ನಿನ್ನ ಹತ್ರಾನೇ ಇರ್ಲಿ.”

ಪಾಪ, ಮಗುವಿನ ಕೈಲಿ ಆಗುತ್ತಿಲ್ಲ ಎಂದುಕೊಂಡೆ. ತಾಯಿಯ ಮುಖವನ್ನು ಕೊನೆಗೊಮ್ಮೆ ನೋಡದ ಮಗು, ಹೇಗೆ ತಾನೇ ಬರೆದೀತು. “ಇರ್ಲಿ ಬಿಡು, ಆದಾಗ ಬರೆದ್ರಾಯ್ತು,” ಅಂದೆ. ಕಾಗದ ನನ್ನ ಹಲ್ಲಿನ ಪುಸ್ತಕದ ಹಿಂದಿನ ರಟ್ಟಿನೊಳಗೆ ಸೇರಿತು. ಆ ದಿನ ಸಂಜೆ ಬಾಗಿಲು ಹಾಕುವ ಮುಂಚೆ ಅವಳ ಮೇಜಿನ ಹತ್ತಿರ ಹೋಗಿ, “ಅಮ್ಮ?” ಎಂದು ಕೇಳಿದೆ. ಬರೆದೆಯಾ ಎಂದು ಕೇಳಲು ಬಾಯಿ ಬರಲಿಲ್ಲ. ಹೊನ್ನಿ ಏನನ್ನೋ ಒತ್ತಿ ನೋಡಿ, “ಇದ್ದಾಳೆ,” ಅಂದಳು.

ಅದೇ ಅಭ್ಯಾಸವಾಯಿತು. ದಿನಾ ಸಂಜೆ ನಾನು ಕೇಳುವುದು, ಅವಳು ನೋಡಿ ‘ಇದ್ದಾಳೆ’ ಅನ್ನುವುದು. ಮಗಳ ಮನಸ್ಸು ತಿಳಿಯುವುದಕ್ಕೆ ಕೇಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಮಾತು ಕೇಳದಿದ್ದರೆ ನನಗೆ ಮನೆ ಕಡೆ ಕಾಲು ಏಳುತ್ತಿರಲಿಲ್ಲ. ಜಲಜಳ ಸೀರೆಗಳು ಗೂಟದಲ್ಲೇ ಇದ್ದವು. ವರ್ಷ ತುಂಬಿದ ದಿನವೂ ಎಡೆಯಿಲ್ಲ, ಏನಿಲ್ಲ, ಹಾಗೇ ಕಳೆಯಿತು. ಆ ಮಧ್ಯಾಹ್ನ ಹೊನ್ನಿ ತನ್ನ ಬುತ್ತಿಯ ಅನ್ನವನ್ನು ಅಷ್ಟೂ ಕಾಂಪೌಂಡ್ ಗೋಡೆಯ ಮೇಲೆ ಸುರಿದಿದ್ದನ್ನು ಕಂಡೆ. ಹೊಟ್ಟೆ ಸರಿಯಿಲ್ಲವೇನೋ, ಕಾಗೆ ಗುಬ್ಬಿಗೆ ಹಾಕಿದ್ದಾಳೆ ಎಂದುಕೊಂಡು ಸುಮ್ಮನಾದೆ.

ಆದರೆ ಹಲ್ಲು ಯಾರ ಮಾತೂ ಕೇಳುವುದಿಲ್ಲ. ಹೊನ್ನಿಗೆ ಹನ್ನೊಂದು ತುಂಬಿ ಏಳು ತಿಂಗಳಾಗಿತ್ತು, ಕೆಳಗಿನ ಎಡದವಡೆಯ ಒಂದೇ ಒಂದು ಹಾಲುಹಲ್ಲು ಉಳಿದಿತ್ತು. ಒಂದು ಸೋಮವಾರ ಬೆಳಿಗ್ಗೆ ಅದನ್ನು ಒತ್ತಿದಾಗ ನನ್ನ ಬೆರಳಿನ ಕೆಳಗೆ ಅದು ಕದಲಿತು. ಬಾಯಿ ತೆರೆದುಕೊಂಡೇ ಅವಳು ನನ್ನ ಕಣ್ಣು ನೋಡಿದಳು. ನಾನು ಅವಳ ಕಣ್ಣು ನೋಡಿದೆ.

“ಗಟ್ಟಿ,” ಎಂದು ಕೂಗಿದೆ. ಎಂದಿಗಿಂತ ಜೋರಾಗಿಯೇ ಬಂತು.

ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಹೇಳದೆ ಗತಿಯಿರಲಿಲ್ಲ. ಹಲ್ಲು ಅಲ್ಲಾಡಿದ ದಿನವೇ ಆ ಮಗುವಿನ ಪಕ್ಕಕ್ಕೆ ಇನ್ನೊಂದು ಚಿಕ್ಕ ಮಗುವನ್ನು ಕೂರಿಸುತ್ತಾರೆ. ಕೈ ಮೇಲೆ ಕೈ ಇಟ್ಟು ಕೆಲಸ ಕಲಿಸಬೇಕು. ಹಲ್ಲು ಬಿದ್ದ ಮಾರನೆಯ ದಿನ ಹೊಸ ಮಗು ದೊಡ್ಡ ಮೇಜಿನಲ್ಲಿ ಕೂತು ಇಡೀ ಊರಿನ ಹೆಸರು ಕರೆಯುತ್ತದೆ. ಎಲ್ಲರೂ ಅಂಗಳದಲ್ಲಿ ನಿಲ್ಲಬೇಕು. ಬದುಕಿರುವವರ ಪಟ್ಟಿಯನ್ನು ಬೀದಿ ಬೀದಿಯಾಗಿ, ಮನೆ ಮನೆಯಾಗಿ ಮಗು ಓದುತ್ತ ಹೋದಂತೆ ಒಬ್ಬೊಬ್ಬರು ‘ಇದ್ದೀನಿ’ ಅನ್ನಬೇಕು. ಕರೆದ ಹೆಸರಿಗೆ ಯಾರೂ ಓಗೊಡದಿದ್ದರೆ ಯಾರದೋ ಸಾವು ಬರೆಯದೆ ಉಳಿದಿದೆ ಎಂದರ್ಥ, ಅಲ್ಲೇ ಎಲ್ಲರೆದುರು ಅದನ್ನು ಬರೆಸುತ್ತಾರೆ. ಕೀಚಲು ದನಿಯ ಎಳೆ ಗಂಟಲೊಂದು ‘ಜಲಜ’ ಎಂದು ಕರೆಯುವುದು, ಅಂಗಳವೆಲ್ಲ ಸುಮ್ಮನಾಗುವುದು, ಆ ಮೌನದಲ್ಲಿ ನನ್ನ ಮಗಳು ತಲೆ ತಗ್ಗಿಸಿ ನಿಲ್ಲುವುದು, ಇದನ್ನು ನೆನೆದು ರಾತ್ರಿ ಎದ್ದು ಕೂರುತ್ತಿದ್ದೆ.

ಅವತ್ತಿನಿಂದ ನಾವಿಬ್ಬರೂ ಮಾತಿಲ್ಲದೆ ಒಂದು ಒಪ್ಪಂದಕ್ಕೆ ಬಂದೆವು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಕಿವುಚಿದ ಮೊಸರನ್ನ, ರಾತ್ರಿಗೆ ಹಾಲಿನಲ್ಲಿ ನೆನೆಸಿದ ಅವಲಕ್ಕಿ. ರೊಟ್ಟಿ ಬಡಿಯುವುದನ್ನು ಬಿಟ್ಟೆ. ಚಕ್ಕುಲಿ ಅಂದರೆ ಪ್ರಾಣ ಬಿಡುತ್ತಿದ್ದವಳು ಅದರ ಹೆಸರೆತ್ತಲಿಲ್ಲ. ಬಲಗಡೆಯಿಂದಲೇ ಅಗಿಯುತ್ತಿದ್ದಳು, ಬಲಗಡೆಯೇ ಮಗ್ಗುಲಾಗಿ ಮಲಗುತ್ತಿದ್ದಳು. ಹಲ್ಲುಜ್ಜುವಾಗ ಆ ಜಾಗಕ್ಕೆ ಬೆರಳು ತಾಗದಂತೆ ನೋಡಿಕೊಳ್ಳುತ್ತಿದ್ದಳು. ಮಗು ಸೊರಗಿತು. ಆದರೂ ಆರು ವಾರ ಪ್ರತಿ ಬೆಳಿಗ್ಗೆ ನಾನು ‘ಗಟ್ಟಿ’ ಎಂದು ಕೂಗಿದೆ.

ದಾಕ್ಷಾಯಿಣಮ್ಮನವರ ಕಣ್ಣು ತಪ್ಪಿಸುವುದು ಸುಲಭವಲ್ಲ. ಊರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂತ ಮೊದಲ ಮಗು ಅವರೇ, ಈಗ ಅರವತ್ತು ದಾಟಿದೆ. ಒಂದು ದಿನ ಸಾಲಿನ ಹತ್ತಿರ ಬಂದು ಹೊನ್ನಿಯ ಗಲ್ಲ ಹಿಡಿದು ಬಾಯಿ ತೆರೆಸಿ, ತಾವೇ ಬೆರಳಿಟ್ಟು ನೋಡಿದರು.

“ಇದು ಗಟ್ಟಿನಾ ಭದ್ರ?” ಎಂದು ನನ್ನನ್ನು ಕೇಳಿದರು.

ನಾನು ಟಾರ್ಚಿನ ಗುಂಡಿಯನ್ನು ಒತ್ತುತ್ತ ಬಿಡುತ್ತ ನಿಂತೆ.

“ನಾನೇನೂ ಬೈಯ್ಯಲ್ಲಪ್ಪ,” ಅಂದರು. “ಆದ್ರೆ ಮಗೂನ ನೋಡು, ಕಡ್ಡಿ ಆಗಿದೆ. ಒಂದು ಹಲ್ಲಿಗೋಸ್ಕರ ಉಪವಾಸ ಕೆಡವಿದೀಯಲ್ಲ. ನಾಳೆಯಿಂದ ಕೆಂಪಿ ಪಕ್ಕದಲ್ಲಿ ಕೂರ್ತಾಳೆ.”

ಕೆಂಪಿ ಮಡಿಕೆ ಮಾಡುವವರ ಬೀದಿಯ ಹುಡುಗಿ. ಆರು ವರ್ಷ, ಕುರ್ಚಿಯ ಮೇಲೆ ಎರಡು ದಿಂಬು ಹಾಕಿದರೆ ಗಲ್ಲ ಮೇಜಿಗೆ ಬರುತ್ತಿತ್ತು. ಹೊನ್ನಿ ಅವಳಿಗೆ ಕಲಿಸಿದ ರೀತಿಯನ್ನು ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಕೆಂಪಿಯ ಪುಟ್ಟ ಕೈ ಮೇಲೆ ತನ್ನ ಕೈ ಇಟ್ಟು, “ಬಾಣಾನ ಅಟ್ಟಿಸ್ಕೊಂಡು ಹೋಗ್ಬೇಡ ಕಣೇ, ಕರ್ಕೊಂಡು ಬಾ,” ಅನ್ನುತ್ತಿದ್ದಳು. “ಎಳೀವಾಗ ಬೆರಳು ಎತ್ತಬೇಡ, ಎತ್ತಿದ್ರೆ ಅರ್ಧ ದಾರೀಲಿ ಬಿದ್ದೋಗತ್ತೆ. ಏನೇ ಬರೆದ್ರೂ ಮೊದ್ಲು ಉಳಿಸ್ಬೇಕು, ಆಮೇಲೆ ಕೈ ತೆಗೀಬೇಕು.” ಎರಡು ಸಲ ಒತ್ತುವುದನ್ನು ಕಲಿಸಲು ಮೇಜಿನ ಮೇಲೆ ಟಪಟಪ ಎಂದು ತಾಳ ಹಾಕಿ ತೋರಿಸಿದಳು. ಕೆಂಪಿ ಮೊದಮೊದಲು ಟಪ್ ಎಂದು ಒತ್ತಿ, ಉಸಿರು ತೆಗೆದುಕೊಂಡು, ಇನ್ನೊಂದು ಸಲ ಟಪ್ ಅನ್ನುತ್ತಿತ್ತು. ವಾರದೊಳಗೆ ಅದಕ್ಕೂ ಕೈ ಕುದುರಿತು. ಓದಿನಲ್ಲಿ ಹೊನ್ನಿ ಬಲು ಕಟ್ಟುನಿಟ್ಟು. ಮಗು ಅಂದಾಜಿನ ಮೇಲೆ ಓದಿದರೆ ನಿಲ್ಲಿಸಿಬಿಡುತ್ತಿದ್ದಳು. “ಕಂಡಿದ್ದನ್ನ ಮಾತ್ರ ಓದು. ಅಲ್ಲಿ ಇಲ್ದೇ ಇರೋದನ್ನ ಓದಬಾರ್ದು,” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಇಷ್ಟೆಲ್ಲ ಕಲಿಸಿದರೂ ಸಾವಿನ ಪಟ್ಟಿಯನ್ನು ಅವಳು ಕೆಂಪಿಗೆ ತೆರೆದು ತೋರಿಸಲಿಲ್ಲ.

“ಅದನ್ನ ಹೇಳ್ಕೊಟ್ಯಾ?” ಎಂದು ಒಂದು ಸಂಜೆ ದಾರಿಯಲ್ಲಿ ಕೇಳಿದೆ.

“ಇಲ್ಲ.”

“ಒಳ್ಳೇದು. ಬೇಡ ಬಿಡು,” ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಅವಳಿಗೆ ನಾನು ಆಸರೆ ಎಂದುಕೊಂಡೆ.

ಹಲ್ಲು ಬಿದ್ದದ್ದು ಒಂದು ಬುಧವಾರ, ಊಟದ ಹೊತ್ತಿನಲ್ಲಿ. ಮೊಸರನ್ನ ತಿನ್ನುತ್ತಿದ್ದಳು. ಅಗಿಯುವುದನ್ನು ನಿಲ್ಲಿಸಿ, ಅಂಗೈಗೆ ಉಗಿದು ನೋಡಿದಳು. ಅನ್ನದ ಅಗುಳಿನ ನಡುವೆ ಅಗುಳಿಗಿಂತ ತುಸು ದೊಡ್ಡದು. ಅವಳು ಎದ್ದು ಕೈ ತೊಳೆಯದೆ ಒಳಗೆ ಓಡಿದಳು, ನಾನು ಹಿಂದೆ ಹೋದೆ. ದೊಡ್ಡ ಮೇಜಿನ ಮುಂದೆ ನಿಂತು ಗಾಜನ್ನು ನೋಡುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ. ಆ ನಿಲುವು ನನಗೆ ಗೊತ್ತು, ನಾನೂ ಹಾಗೆಯೇ ನಿಂತವನು. ನೇಮದ ಪ್ರಕಾರ ಹಲ್ಲನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಮೇಜಿನ ಡ್ರಾಯರಿನಲ್ಲಿ ಹಳೆಯ ಪೊಟ್ಟಣಗಳ ಜೊತೆ ಇಟ್ಟರು. ದಾಕ್ಷಾಯಿಣಮ್ಮ ಅವಳ ಬಾಯಿಗೆ ಬೆಲ್ಲ ಹಾಕಿದರು. ಅವಳು ಅದನ್ನು ಕಚ್ಚದೆ ದವಡೆಯಲ್ಲೇ ಇಟ್ಟುಕೊಂಡಳು.

ಆ ಸಂಜೆ ಮೊದಲ ಸಲ ನಾನು ಏನೂ ಕೇಳಲಿಲ್ಲ. ಕೇಳುವುದಕ್ಕೆ ಯಾರಿದ್ದರು. ಮನೆಯಲ್ಲಿ ಹೊನ್ನಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಒಂದು ನಿರ್ಧಾರಕ್ಕೆ ಬಂದೆ. ನಾಳೆ ಜಲಜಳ ಹೆಸರು ಕರೆದಾಗ ನಾನೇ ಓಗೊಡುತ್ತೇನೆ. ‘ಇದ್ದಾಳೆ, ಹುಷಾರಿಲ್ಲ, ಮನೇಲಿದ್ದಾಳೆ’ ಅನ್ನುತ್ತೇನೆ. ಊರಿಗೆಲ್ಲ ಗೊತ್ತು, ಆದರೂ ನನ್ನ ಮುಖ ನೋಡಿ ಯಾರೂ ಇಲ್ಲ ಅನ್ನಲಾರರು. ಮಗಳಿಗೆ ಇನ್ನೊಂದಷ್ಟು ದಿನ ಸಿಕ್ಕರೆ ಸಾಕು.

ಬೆಳಿಗ್ಗೆ ಊರು ಅಂಗಳದಲ್ಲಿ ಸೇರಿತು. ಕಿಟಕಿ ತೆರೆದಿಟ್ಟಿದ್ದರು, ಒಳಗಿನಿಂದ ಕೆಂಪಿಯ ದನಿ ಕೇಳುತ್ತಿತ್ತು. ಮಗು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿತ್ತು. ಕುಂಬಾರ ಬೀದಿ ಮುಗಿಯಿತು, ಬಾವಿ ಬೀದಿ ಮುಗಿಯಿತು. ಮುದುಕರು ನಿಂತಲ್ಲೇ ಕೂತರು. ನಮ್ಮ ಬೀದಿ ಬಂತು. ಹೊನ್ನಿ ನನ್ನ ಪಕ್ಕದಲ್ಲಿ ನಿಂತಿದ್ದಳು, ಅವಳ ಹೆಗಲ ಮೇಲೆ ಕೈ ಇಟ್ಟಿದ್ದೆ.

“ವೀರಭದ್ರ,” ಎಂದು ಕೆಂಪಿ ಓದಿದಳು.

“ಇದ್ದೀನಿ,” ಅಂದೆ. ಮನೆಯ ಯಜಮಾನನಾದ ಮೇಲೆ ಹೆಂಡತಿ, ಆಮೇಲೆ ಮಕ್ಕಳು, ಇದು ಪಟ್ಟಿಯ ಕ್ರಮ. ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ತೆರೆದೆ.

“ಹೊನ್ನಮ್ಮ,” ಎಂದು ಓದಿದಳು ಕೆಂಪಿ.

“ಇದ್ದೀನಿ,” ಎಂದಿತು ನನ್ನ ಕೈ ಕೆಳಗಿನ ಹೆಗಲು. ಕೆಂಪಿ ಮುಂದಿನ ಮನೆಗೆ ಹೋದಳು.

ನಾನು ಯೋಚನೆ ಮಾಡಲಿಲ್ಲ. ಬಾಯಿ ತೆರೆದೇ ಇತ್ತು, ಮಾತು ಹೊರಗೆ ಬಂತು. “ಕೆಂಪಿ, ಒಂದು ಹೆಸರು ಬಿಟ್ಟೆ ಕಣಮ್ಮ. ನಮ್ಮನೇದು.”

ಓದುವುದು ನಿಂತಿತು. ಕಿಟಕಿಯೊಳಗೆ ದಿಂಬಿನ ಮೇಲೆ ಕೂತ ಪುಟ್ಟ ತಲೆ ಗಾಜಿನ ಹತ್ತಿರಕ್ಕೆ ಬಾಗಿ, ಬೆರಳಿಟ್ಟು ನೋಡಿತು.

“ಬಿಟ್ಟಿಲ್ಲ ಮಾಮ,” ಅಂದಳು ಕೆಂಪಿ. “ನಿಮ್ಮನೇಲಿ ಇರೋದು ಇಬ್ರೇ.”

ಹೊನ್ನಿ ಅವಳಿಗೆ ಚೆನ್ನಾಗಿಯೇ ಕಲಿಸಿದ್ದಳು. ಜಗಲಿಯ ಮೇಲೆ ಉಳಿದ ಮಕ್ಕಳು ಸಾಲಾಗಿ ನಿಂತಿದ್ದರು. ಅವರನ್ನು ನೋಡಿದೆ. ಒಬ್ಬೊಬ್ಬರೂ ಕಣ್ಣು ತಪ್ಪಿಸಿದರು. ಅವರ ಮೇಜುಗಳೆಲ್ಲ ಹೊನ್ನಿಯ ಮೇಜಿನ ಅಕ್ಕಪಕ್ಕದವೇ, ಅವಳ ಗಾಜಿನಲ್ಲಿ ಇದ್ದದ್ದು ಅವರಿಗೆಲ್ಲ ಕಾಣುತ್ತಿತ್ತು. ಹದಿನಾಲ್ಕು ತಿಂಗಳು ಪ್ರತಿ ಬೆಳಿಗ್ಗೆ ಇಪ್ಪತ್ತು ಮಕ್ಕಳು ನನ್ನೆದುರು ಬಾಯಿ ತೆರೆದು ನಿಂತಿದ್ದರು, ಒಬ್ಬರೂ ಒಂದು ಮಾತು ಆಡಿರಲಿಲ್ಲ.

ದಾಕ್ಷಾಯಿಣಮ್ಮ, “ಓದು ಮಗು,” ಅಂದರು. ಕೆಂಪಿ ಓದಿದಳು. ಊರು ಮುಗಿಯುವ ತನಕ ಹೊನ್ನಿ ನನ್ನ ಕಡೆ ತಿರುಗಲಿಲ್ಲ, ನನಗೂ ಅವಳ ಹೆಗಲಿನಿಂದ ಕೈ ತೆಗೆಯಲು ಆಗಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವುದು ನನ್ನ ಕೆಲಸ. ಹೊನ್ನಿ ಮನೆಗೆ ಹೋಗಿರಲಿಲ್ಲ, ತನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದಳು. ಕೆಂಪಿಯ ದಿಂಬುಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಯಾವಾಗ ಬರೆದೆ?” ಎಂದು ಕೇಳಿದೆ.

“ಅವತ್ತೇ. ನೀನು ಹಿಂದೆ ನಿಂತಿದ್ಯಲ್ಲ, ಆವಾಗ್ಲೇ.” ದಿಂಬಿನ ದಾರ ಕೀಳುತ್ತಿದ್ದಳು. “ಆಯ್ತು ಅಂತ ಹೇಳೋಣ ಅಂತಾನೇ ತಿರುಗಿದೆ ಅಪ್ಪ. ನಿನ್ನ ಮುಖ ನೋಡಿದ್ಮೇಲೆ ಹೇಳೋಕಾಗ್ಲಿಲ್ಲ.”

ನಾನು ಪಕ್ಕದ ಪುಟ್ಟ ಕುರ್ಚಿಯ ಮೇಲೆ ಕೂತೆ. ಗೋಡೆಯ ಮೇಲೆ ಸುರಿದ ಅನ್ನ ನೆನಪಾಯಿತು.

“ವರ್ಷದ ದಿನ ನೀನು ಗೋಡೆ ಮೇಲೆ ಬುತ್ತಿ ಇಟ್ಟಿದ್ದೆ,” ಎಂದೆ.

“ಹೂಂ. ಅಮ್ಮಂಗೆ. ಬರೆದಾಗಿತ್ತಲ್ಲ, ಇಡಬೋದಿತ್ತು.” ದಿಂಬುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೇಳಿದಳು, “ನೀನು ದಿನಾ ಬಂದು ಕೇಳ್ತಿದ್ದೆ. ನಾನು ತೆಗೆದು ನೋಡ್ತಿದ್ದೆ. ಅಲ್ಲಿ ಬೇರೆ ಇರ್ತಿತ್ತು. ಹಲ್ಲು ಇರೋವರ್ಗೂ ಹೇಳ್ಬೋದಲ್ಲ ಅಂತ.”

ಗಂಜಿ, ಕಿವುಚಿದ ಅನ್ನ, ಬಲಗಡೆಯ ಮಗ್ಗುಲು, ಎಲ್ಲವೂ ಒಂದೊಂದಾಗಿ ಬಂದು ನನ್ನ ಎದೆಗೆ ಒದ್ದವು. ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡು ಆರು ವಾರ ಸುಳ್ಳು ಕೂಗಿದವನು ನಾನು. ಹದಿನಾಲ್ಕು ತಿಂಗಳು ದಿನಕ್ಕೊಂದು ಸಲ ಈ ಮಗು ತನ್ನ ತಾಯಿಯ ಸಾವನ್ನು ಒಬ್ಬಳೇ ಓದಿ, ಅದನ್ನು ಮುಚ್ಚಿ, ನನಗೆ ಬೇಕಾದ ಮಾತನ್ನು ನನಗೆ ಕೊಟ್ಟು ಕಳಿಸುತ್ತಿತ್ತು. ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನ್ನೆದುರು ಅಳುವಂತಿರಲಿಲ್ಲ ಅವಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಿಟಕಿಯ ಬೆಳಕು ಕಡಿಮೆಯಾಗುತ್ತಿತ್ತು. ಗಾಜಿನಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು. ಅವಳಿಗೆ ಅದು ಹೊಸದು. ನಿನ್ನೆಯ ತನಕ ತನ್ನ ಮುಖವನ್ನು ಅಲ್ಲಿ ಅವಳು ಕಂಡವಳಲ್ಲ.

“ಬಾಗಿಲು ಹಾಕ್ಬೇಕು,” ಅಂದೆ.

“ಕೇಳಿಬಿಟ್ಟು ಹಾಕು,” ಅಂದಳು ಹೊನ್ನಿ.

ಏನು ಎಂದು ನಾನು ವಿಚಾರಿಸಲಿಲ್ಲ. ಎದ್ದು ಹೋಗಿ, ದಿನಾ ನಿಲ್ಲುತ್ತಿದ್ದ ಜಾಗದಲ್ಲಿ, ಅವಳ ಕುರ್ಚಿಯ ಹಿಂದೆ ನಿಂತೆ.

“ಅಮ್ಮ?” ಎಂದು ಕೇಳಿದೆ.

ಅವಳು ಗಾಜಿನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ತಿರುಗಿ ನನ್ನ ಮುಖವನ್ನೇ ನೋಡಿದಳು. ಈ ಸಲ ಕಣ್ಣು ತೆಗೆಯಲಿಲ್ಲ.

“ಇಲ್ಲ ಅಪ್ಪ,” ಅಂದಳು. ಅಂದು ಮುಗಿಸುವ ಮುಂಚೆಯೇ ತುಟಿ ಅದುರಿತು, ಹೊಸ ಕಿಂಡಿ ಬಿದ್ದ ಬಾಯಿ ತೆರೆದು, ಐದು ವರ್ಷದ ಮಗುವಿನ ಹಾಗೆ ಗೊಳೋ ಎಂದು ಅತ್ತಳು. ನಾನು ದಿಂಬುಗಳನ್ನು ಕೆಳಗಿಟ್ಟು ಅವಳನ್ನು ಎತ್ತಿಕೊಂಡೆ.